ಜೂನ್ ಒಂದರ ಮನೆತನ

ವಿಮಾನ ಹತ್ತುವ ಮುಂಚೆ

ಇಪ್ಪತ್ತೆರಡು ವರ್ಷ ಸೊರಬದ ತಾಲ್ಲೂಕು ಕಚೇರಿಯಲ್ಲಿ ಕಿಟಕಿಯ ಒಳಗೆ ಕೂತು ಜನರನ್ನು ನೋಡಿದವನು ನಾನು. ಕಿಟಕಿಯ ಹೊರಗೆ ನಿಂತವನಿಗೆ ಒಳಗಿನವನು ಹೇಗೆ ಕಾಣುತ್ತಾನೆ ಎಂದು ತಿಳಿಯಲು ಜರ್ಮನಿಯವರೆಗೆ ಹೋಗಬೇಕಾಯಿತು. ಹೊರಡುವ ಮುಂಚೆ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ "ಜರ್ಮನಿಗೆ ಹೊಂಟೀನಿ" ಎಂದು ಹೇಳಿಕೊಂಡು ತಿರುಗಿದ್ದೆ. "ಅಲ್ಲೇನ್ ಕೆಲಸ್ರೀ ಬಸವಣ್ಯಪ್ಪ?" ಎಂದು ಯಾರಾದರೂ ಕೇಳಿದರೆ ಮಾತ್ರ ನನಗೆ ಕೆಮ್ಮು ಬರುತ್ತಿತ್ತು. ಕೆಲಸ ನನ್ನದಲ್ಲ, ಹೆಂಡತಿಯದು.

ಸುಮಿತ್ರಾ ನರ್ಸ್. ನಮ್ಮ ಮದುವೆಯಾಗಿ ಹದಿನೆಂಟು ವರ್ಷ. ಅದರಲ್ಲಿ ಒಂದೇ ಸೂರಿನ ಕೆಳಗೆ ಇದ್ದದ್ದನ್ನು ಕೂಡಿಸಿದರೆ ನಾಲ್ಕು ವರ್ಷವೂ ಆಗುವುದಿಲ್ಲ. ಅವಳು ಮಂಗಳೂರಿನಲ್ಲಿದ್ದಾಗ ನಾನು ಸೊರಬದಲ್ಲಿ, ಅವಳು ಮಸ್ಕತ್ತಿನಲ್ಲಿದ್ದಾಗಲೂ ನಾನು ಸೊರಬದಲ್ಲಿ. ಮಕ್ಕಳಾಗಲಿಲ್ಲ ಯಾಕೆ ಎಂದು ನೆಂಟರು ಕೇಳಿದರೆ, "ಅದಕ್ಕೆ ಇಬ್ರೂ ಒಂದೇ ಊರಲ್ಲಿರ್ಬೇಕಾಗ್ತದೆ" ಎಂದು ಅವಳೇ ನಗಾಡುತ್ತಿದ್ದಳು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ. ಜರ್ಮನಿಯ ಸಣ್ಣ ಊರೊಂದರ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಒಂದೇ ಮಾತು ಹೇಳಿದಳು. "ಈ ಸಲ ನೀವೂ ಬರ್ತೀರಿ. ಇಲ್ಲಾಂದ್ರೆ ನಾನು ಅಲ್ಲೇ, ನೀವು ಇಲ್ಲೇ. ಹೇಳಿಬಿಟ್ಟೀನಿ." ನಾನು ಸ್ವಯಂ ನಿವೃತ್ತಿಗೆ ಬರೆದುಕೊಟ್ಟೆ.

ವೀಸಾ ತೊಂಬತ್ತು ದಿನದ್ದು. ಅಷ್ಟರೊಳಗೆ ಪರದೇಶದವರಿಗೆ ಕೊಡುವ ಗುರುತಿನ ಕಾರ್ಡು ಮಾಡಿಸಿಕೊಳ್ಳಬೇಕು. ಕಾರ್ಡು ಆಗದಿದ್ದರೆ ವಾಪಸ್ ಊರಿಗೆ ಹೋಗಿ ಮೊದಲಿನಿಂದ ಅರ್ಜಿ ಹಾಕಬೇಕು. ಅದಕ್ಕೆ ಒಂದು ವರ್ಷವೋ ಎರಡೋ, ಹೇಳುವವರಿಲ್ಲ. ವೀಸಾದ ಮೇಲೆ ನನ್ನನ್ನು ಹೆಂಡತಿಯ 'ಅವಲಂಬಿತ' ಎಂದು ನಮೂದಿಸಿದ್ದರು. ನೂರಾರು ಹೆಂಗಸರ ಹೆಸರಿನ ಮುಂದೆ ಆ ಪದವನ್ನು ನಾನೇ ಬರೆದಿದ್ದೇನೆ. ಬರೆಯುವಾಗ ಅದು ಇಷ್ಟು ಚುಚ್ಚುವ ಪದ ಅನ್ನಿಸಿರಲಿಲ್ಲ.

ಟಪಾಲು ಪೆಟ್ಟಿಗೆ

ಅಲ್ಲಿಯವರ ಮೊದಲ ವಿಚಿತ್ರ ಏನೆಂದರೆ, ಟಪಾಲು ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಆ ಮನೆಯಲ್ಲಿ ನೀವಿಲ್ಲ. ಬಾಗಿಲು ತೆಗೆದು ಎದುರಿಗೇ ನಿಂತರೂ ಇಲ್ಲ. ಅಂಚೆಯವನು ಪೆಟ್ಟಿಗೆ ನೋಡುತ್ತಾನೆ, ಮನುಷ್ಯನ ಮುಖ ನೋಡುವುದಿಲ್ಲ. ನಮ್ಮ ಕಡೆ ಲಕೋಟೆಯ ಮೇಲೆ 'ನರ್ಸಮ್ಮನ ಗಂಡ, ಶಿಕಾರಿಪುರ' ಎಂದು ಬರೆದರೂ ಸಾಕು, ಅದು ಮನೆಗೆ ಬರುತ್ತದೆ, ಜೊತೆಗೆ ಅಂಚೆಯವನು ಕೂತು ನೀರು ಕುಡಿದು ಹೋಗುತ್ತಾನೆ. ಇಲ್ಲಿ ಸುಮಿತ್ರಾ ನನ್ನ ಸೂಟ್‌ಕೇಸ್ ಬಿಚ್ಚುವ ಮೊದಲೇ ಒಂದು ಚೀಟಿಯಲ್ಲಿ ನನ್ನ ಹೆಸರು ಬರೆದು ಪೆಟ್ಟಿಗೆಗೆ ಅಂಟಿಸಿದಳು. ಹದಿನೆಂಟು ವರ್ಷದಲ್ಲಿ ನಮ್ಮಿಬ್ಬರ ಹೆಸರು ಒಂದೇ ಬಾಗಿಲ ಮುಂದೆ ಸೇರಿದ್ದು ಅದೇ ಮೊದಲು. ನಾನು ಎರಡು ಸಲ ಕೆಳಗಿಳಿದು ಹೋಗಿ ನೋಡಿಬಂದೆ.

ಎರಡನೇ ವಿಚಿತ್ರ ಕೆಂಪು ದೀಪ. ಒಂದು ಬೆಳಿಗ್ಗೆ ರಸ್ತೆಯಲ್ಲಿ ಕಣ್ಣು ಹಾಯುವವರೆಗೂ ಒಂದು ವಾಹನವಿಲ್ಲ. ದೀಪ ಮಾತ್ರ ಕೆಂಪು. ಒಬ್ಬ ಅಜ್ಜ ನಾಯಿ ಹಿಡಿದುಕೊಂಡು ನಿಂತಿದ್ದ. ನಾಯಿಯೂ ನಿಂತಿತ್ತು. ಶಿರಾಳಕೊಪ್ಪದ ಸಂತೆಯ ದಿನ ಎರಡು ಬಸ್ಸು, ಒಂದು ಟ್ರ್ಯಾಕ್ಟರಿನ ನಡುವೆ ಚೀಲ ಹೊತ್ತು ದಾಟಿದವನು ನಾನು, ಸುಮ್ಮನೆ ದಾಟಿಬಿಟ್ಟೆ. ಹಿಂದಿನಿಂದ ಅಜ್ಜ ಕೂಗಿಕೊಂಡ. ಏನು ಕೂಗಿದನೋ ಗೊತ್ತಾಗಲಿಲ್ಲ. ಆದರೆ ಬೈಗುಳಕ್ಕೆ ಭಾಷೆ ಕಲಿಯಬೇಕಾಗಿಲ್ಲ. ನಾಯಿ ಕೂಡ ನನ್ನನ್ನು ಒಂಥರಾ ನೋಡಿತು.

ಮೂವತ್ತನಾಲ್ಕನೇ ದಿನ: ಕಚೇರಿ

ಪರದೇಶಿಗಳ ಕಚೇರಿಯಲ್ಲಿ ನಮಗೆ ಹತ್ತೂ ಇಪ್ಪತ್ತಕ್ಕೆ ಸಮಯ ಕೊಟ್ಟಿದ್ದರು. ಹತ್ತೂ ಇಪ್ಪತ್ತು! ನಾನಿದ್ದ ಕಚೇರಿಯಲ್ಲಿ ಹತ್ತೂ ಇಪ್ಪತ್ತಕ್ಕೆ ಇರುತ್ತಿದ್ದದ್ದು ಕಸ ಗುಡಿಸುವವಳು ಮತ್ತು ಅರ್ಜಿದಾರರು. ಎಲ್ಲಿ ಸಾಲು ಬೆಳೆದುಬಿಡುತ್ತದೋ ಎಂದು ನಾನು ಏಳೂವರೆಗೇ ಹೆಂಡತಿಯನ್ನು ಎಬ್ಬಿಸಿಕೊಂಡು ಹೋಗಿ ನಿಂತೆ. ಸಾಲೇ ಇಲ್ಲ. ಬಾಗಿಲು ಹಾಕಿತ್ತು. ಚಳಿಗೆ ಮೂಗು ಸೋರುತ್ತಾ ಮೂರು ಗಂಟೆ ಕಾದೆವು. "ಸೊರಬ ಬಿಟ್ರೂ ಸೊರಬದ ಬುದ್ಧಿ ಬಿಡ್ಲಿಲ್ಲ ನೀವು" ಎಂದಳು ಸುಮಿತ್ರಾ.

ಒಳಗೆ ನಮ್ಮ ಕಡತ ನೋಡುವವರು ಫ್ರೌ ಕೆಲ್ಲರ್, ಅಂದರೆ ಶ್ರೀಮತಿ ಕೆಲ್ಲರ್, ಎಂಬ ಐವತ್ತರ ಹೆಂಗಸು. ಮೇಜಿನ ಮೇಲೆ ಒಂದು ಧೂಳಿಲ್ಲ, ಒಂದು ಟೀ ಲೋಟವಿಲ್ಲ, ಅಲ್ಲಿ ಕೆಲಸ ನಡೆಯುತ್ತದೆ ಅನ್ನುವುದಕ್ಕೆ ಒಂದು ಗುರುತೂ ಇಲ್ಲ. ನಾನು ಕೈಚೀಲದಿಂದ ಚಕ್ಕುಲಿಯ ಪೊಟ್ಟಣ ತೆಗೆದು ಆಕೆಯ ಮುಂದಿಟ್ಟೆ. ಪ್ರೀತಿಯಿಂದ ಕೊಟ್ಟದ್ದು, ಬೇರೆ ಅರ್ಥವಿಲ್ಲ. ಆಕೆ ಒಂದು ಬೆರಳಿನಿಂದ ಪೊಟ್ಟಣವನ್ನು ನನ್ನ ಕಡೆಗೇ ತಳ್ಳಿ, ಕಂಪ್ಯೂಟರಿನಲ್ಲಿ ಏನೋ ಟೈಪ್ ಮಾಡಿದರು. "ನೀವು ಚಕ್ಕುಲಿ ಕೊಟ್ಟಿದ್ದು ಕಡತಕ್ಕೆ ಸೇರಿತು" ಎಂದು ಹೆಂಡತಿ ಹಲ್ಲು ಕಚ್ಚಿ ಹೇಳಿದಳು. ನನಗೆ ಮುಖ ಬೆಂದುಹೋಯಿತು. ನೌಕರಿಯಲ್ಲಿ ನಾನು ದುಡ್ಡು ಮುಟ್ಟಿದವನಲ್ಲ. ಬಾಳೆಗೊನೆ ಮುಟ್ಟಿದ್ದೇನೆ. ಜೇನುತುಪ್ಪ ಮುಟ್ಟಿದ್ದೇನೆ. ಒಂದು ಸಲ ನಾಟಿ ಕೋಳಿಯನ್ನೂ ಮುಟ್ಟಿದ್ದೇನೆ. ಯಾವುದನ್ನೂ ಕಡತಕ್ಕೆ ಸೇರಿಸಲಿಲ್ಲ, ಅಷ್ಟೆ.

ಆಮೇಲೆ ಫ್ರೌ ಕೆಲ್ಲರ್ ನಮ್ಮ ಅರ್ಜಿ ಓದತೊಡಗಿದರು. ಓದುತ್ತಾ ಹುಬ್ಬು ಮೇಲೇರಿತು. ಅರ್ಜಿದಾರನ ಜನ್ಮದಿನ, ಜೂನ್ ಒಂದು. ಹೆಂಡತಿಯದು, ಜೂನ್ ಒಂದು. ತೀರಿಹೋದ ತಂದೆಯದು, ಜೂನ್ ಒಂದು. ತೀರಿಹೋದ ತಾಯಿಯದು, ಜನವರಿ ಒಂದು. ತಮ್ಮನದು, ಮತ್ತೆ ಜೂನ್ ಒಂದು.

"ನಿಮ್ಮ ಮನೆಯಲ್ಲಿ ಎಲ್ಲರೂ ಒಂದೇ ದಿನ ಹುಟ್ಟುತ್ತಾರೋ?" ಎಂದು ಕೇಳಿದರು. ಸುಮಿತ್ರಾ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಅವಳ ದನಿಯಲ್ಲೂ ಸಂಶಯ ಇತ್ತು.

ನಾನು ವಿವರಿಸಿದೆ. ನಮ್ಮ ಕಡೆ ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ಯಾರೂ ಬರೆದಿಡುತ್ತಿರಲಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಹೋದರೆ ಹೆಡ್‌ಮಾಸ್ತರು, "ಯಾವಾಗ ಹುಟ್ಟಿದ್ದು?" ಎಂದು ಕೇಳುವರು. ಅಪ್ಪ, "ದೀಪಾವಳಿ ಕಳೆದ ಮೇಲೆ ಸಾರ್" ಎನ್ನುವನು. ಹೆಡ್‌ಮಾಸ್ತರು ಹುಡುಗನಿಗೆ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುವರು. ಕಿವಿ ಸಿಕ್ಕಿತೋ, ಹುಡುಗನಿಗೆ ವಯಸ್ಸಾಗಿದೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಆದ್ದರಿಂದ ಹುಟ್ಟಿದ್ದು ಜೂನ್ ಒಂದು. ನಮ್ಮ ಶಾಲೆಯ ರಿಜಿಸ್ಟರಿನಲ್ಲಿ ಇಡೀ ಊರೇ ಒಂದು ದಿನ ಹುಟ್ಟಿದೆ.

ಮಾತು ಸಾಲದು ಅನ್ನಿಸಿ ಎದ್ದು ನಿಂತು ಬಲಗೈಯಿಂದ ಎಡಗಿವಿ ಹಿಡಿದು ತೋರಿಸಿದೆ. ಫ್ರೌ ಕೆಲ್ಲರ್ ಒಂದು ನಿಮಿಷ ನನ್ನನ್ನೇ ನೋಡಿದರು. ಆಮೇಲೆ, ಬಾಗಿಲು ಹಾಕಿದೆಯೇ ಎಂದು ಕಣ್ಣಲ್ಲೇ ನೋಡಿಕೊಂಡು, ತಾವೂ ಬಲಗೈ ನೆತ್ತಿಯ ಮೇಲೆ ಹಾಯಿಸಿ ಎಡಗಿವಿ ಮುಟ್ಟಿಕೊಂಡರು. "ಇವರನ್ನ ಒಂದನೇ ಕ್ಲಾಸಿಗೆ ಸೇರಿಸ್ಬಹುದು ಅಂತ ಹೇಳು" ಎಂದೆ. ಸುಮಿತ್ರಾ ಹೇಳಲಿಲ್ಲ.

ನಗು ಅಲ್ಲಿಗೇ ಮುಗಿಯಿತು. ಇಷ್ಟೊಂದು ಜೂನ್ ಒಂದು ಇರುವ ಕಾಗದಗಳ ಮೇಲೆ ಕಾರ್ಡು ಕೊಡಲಾಗುವುದಿಲ್ಲ ಎಂದರು. ನಾನು ಹುಟ್ಟಿದ ಊರಿನ ಸರ್ಕಾರಿ ಕಚೇರಿ, ಜನನ ದಾಖಲೆ ಇಲ್ಲ, ಈ ತಾರೀಖು ಹೀಗೆ ಬಂದದ್ದು, ಈ ವ್ಯಕ್ತಿ ಇಂಥ ವರ್ಷ ಇಂಥ ಊರಿನಲ್ಲಿ ಹುಟ್ಟಿದ್ದು ನಿಜ ಎಂದು ಬರೆದುಕೊಡಬೇಕು. ತೊಂಬತ್ತನೇ ದಿನದೊಳಗೆ ಅದು ಬಾರದಿದ್ದರೆ ನಾನು ವಾಪಸ್ ಹೋಗಬೇಕು.

"ನಾನು ಹುಟ್ಟಿದ್ದೇನೆ ಅನ್ನೋದಕ್ಕೆ ಎದುರಿಗೆ ನಿಂತಿರೋದು ಸಾಲದೇನು?" ಎಂದು ಕೇಳಿದೆ. ಕೇಳಿದ ಮೇಲೆ ಆ ಮಾತು ನನ್ನದಲ್ಲ ಅನ್ನಿಸಿತು. ಎಲ್ಲೋ ಕೇಳಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ನೆನಪಾಯಿತು. ಮೂರು ವರ್ಷದ ಹಿಂದೆ ಸೊರಬದಲ್ಲಿ ನನ್ನ ಕಿಟಕಿಗೆ ಒಬ್ಬ ಮುದುಕಿ ಬಂದಿದ್ದಳು, ವೃದ್ಧಾಪ್ಯ ವೇತನದ ಅರ್ಜಿ ಹಿಡಿದು. ಎಪ್ಪತ್ತು ದಾಟಿದ ಮುಖ. ಆಧಾರ್ ಕಾರ್ಡಿನಲ್ಲಿ ಮಾತ್ರ ವಯಸ್ಸು ಐವತ್ತಮೂರು, ಹುಟ್ಟಿದ್ದು ಜನವರಿ ಒಂದು. ವಯಸ್ಸಿನ ಪುರಾವೆ ತಾ ಎಂದು ಮೂರು ಸಲ ತಿರುಗಿ ಕಳಿಸಿದ್ದೆ. "ನಾನು ಹುಟ್ಟೀನಿ ಅಂತ ನಾನೇ ನಿಂತೀನಲ್ಲ ಸಾಮಿ, ಇನ್ನೇನ್ ಬೇಕು?" ಅಂದಿದ್ದಳು. ಕಚೇರಿಯೆಲ್ಲ ನಕ್ಕಿತ್ತು. ಕೊನೆಯ ಸಲ ಕಿಟಕಿಗೆ ಮುಖ ಹಚ್ಚಿ, "ನಿಮ್ಮಜ್ಜಿ ಊರೋಳು ಕಣಪ್ಪ ನಾನು" ಅಂದಿದ್ದಳು. ಕಿಟಕಿಗೆ ಬಂದವರೆಲ್ಲ ಏನಾದರೊಂದು ನೆಂಟಸ್ತನ ತೆಗೆಯುತ್ತಾರೆ. "ನೆಂಟಸ್ತನ ಹೊರಗಿಟ್ಟು ಬಾರಮ್ಮ" ಎಂದು ಅರ್ಜಿಯನ್ನು ಡ್ರಾಯರಿಗೆ ತಳ್ಳಿ ನಾನು ಮುಂದಿನವರನ್ನು ಕರೆದಿದ್ದೆ.

ಸೊರಬಕ್ಕೆ ಫೋನು

ನನಗೇನೂ ಭಯವಿರಲಿಲ್ಲ. ನಮ್ಮ ಊರು ಶಿಕಾರಿಪುರವಾದರೂ, ಚೊಚ್ಚಲ ಬಾಣಂತನ ತವರಿನಲ್ಲಿ ಎಂಬ ಪದ್ಧತಿಯಂತೆ ನಾನು ಹುಟ್ಟಿದ್ದು ಸೊರಬ ತಾಲ್ಲೂಕಿನ ಅಜ್ಜಿ ಮನೆಯಲ್ಲಿ. ಅಂದರೆ ಕಾಗದ ಬರಬೇಕಾದದ್ದು ನನ್ನದೇ ಕಚೇರಿಯಿಂದ, ನನ್ನದೇ ಮೇಜಿನಿಂದ. ಆ ಮೇಜಿನ ಮೇಲೆ ಈಗ ಶಶಿಕಲಾ ಇದ್ದಾಳೆ. ಕೆಲಸಕ್ಕೆ ಸೇರಿದಾಗ ಕಡತಕ್ಕೆ ದಾರ ಕಟ್ಟಲು ಬಾರದ ಹುಡುಗಿ. ನಾನೇ ಕೈಹಿಡಿದು ಕಲಿಸಿದವಳು.

"ಓ ಸಾರ್! ಅಲ್ಲಿ ಚಳಿ ಹೆಂಗೈತೆ ಸಾರ್?"

"ಚಳಿ ಹಾಳಾಗಿ ಹೋಗ್ಲಿ. ನಂದೊಂದು ಜನನ ಅಲಭ್ಯ ಪತ್ರ ಬೇಕಿತ್ತಮ್ಮ. ನಾಳೆಯೊಳಗೆ ಮಾಡ್ಸಿಬಿಡು."

"ಮಾಡ್ಸೋಣ ಸಾರ್. ಆದ್ರೆ ಅರ್ಜಿದಾರರು ಖುದ್ದಾಗಿ ಬರ್ಬೇಕಲ್ಲ ಸಾರ್."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. "ಏನಮ್ಮಾ, ನಾನ್ ಯಾರು ಅಂತ ಮರ್ತೋಯ್ತಾ?" ಎಂದೆ.

"ಗೊತ್ತೈತೆ ಸಾರ್. ಗೊತ್ತಿರೋರು ಬಂದ್ರೂ ಗೊತ್ತಿಲ್ದೋರ ಹಂಗೇ ನೋಡ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು. ನಿಮ್ ತಮ್ಮನ ಕೈಲಿ ಅರ್ಜಿ ಕೊಡ್ಸಿ. ಸ್ಥಳ ಮಹಜರು ಆಗ್ಬೇಕು. ನೀವು ಹುಟ್ಟಿದ್ದು ಕಣ್ಣಾರೆ ಕಂಡೋರು ಒಬ್ರಾದ್ರೂ ಹೇಳಿಕೆ ಕೊಡ್ಬೇಕು. ಎಲ್ಲ ನೀವೇ ಮಾಡಿದ ಚೆಕ್‌ಲಿಸ್ಟ್ ಸಾರ್, ಗೋಡೆ ಮೇಲೆ ಇನ್ನೂ ಐತೆ."

ಫೋನಿಟ್ಟು ಅರ್ಧ ಗಂಟೆ ಅವಳನ್ನು ಬೈದೆ. ಅಡುಗೆ ಮಾಡುತ್ತಿದ್ದ ಸುಮಿತ್ರಾ ಎಲ್ಲ ಕೇಳಿಸಿಕೊಂಡು, "ಪಾಪ, ಎಷ್ಟು ಚೆನ್ನಾಗಿ ಕಲ್ಸಿದೀರಿ ನೋಡಿ" ಎಂದಳು.

ಅರವತ್ತನೇ ದಿನದ ಸುತ್ತಮುತ್ತ

ತಮ್ಮ ಶಿಕಾರಿಪುರದಿಂದ ಸೊರಬಕ್ಕೆ ಮೂರು ಸಲ ಓಡಾಡಿದ. ಒಂದು ಸಲ ಸಹಿ ಮಾಡಬೇಕಾದವರು ಮೀಟಿಂಗ್‌ಗೆ ಹೋಗಿದ್ದರು, ಒಂದು ಸಲ ಸರ್ವರ್ ಇರಲಿಲ್ಲ, ಮೂರನೇ ಸಲ ಎರಡೂ ಇತ್ತು, ಕರೆಂಟ್ ಇರಲಿಲ್ಲ. "ಅಣ್ಣಾ, ಎಂಥ ಕಚೇರಿಯೋ ಇದು, ಇಲ್ಲಿ ಇಪ್ಪತ್ತೆರಡು ವರ್ಷ ಏನ್ ಮಾಡ್ತಿದ್ದೆ ನೀನು?" ಎಂದು ಫೋನಿನಲ್ಲಿ ಕೂಗಾಡಿದ.

ಇತ್ತ ಡಿಸೆಂಬರ್ ಹತ್ತಿರ ಬರುತ್ತಿತ್ತು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಸುಮಿತ್ರಾ ನನಗೆಂದು ತಂದ ದಪ್ಪ ಕೋಟಿನ ಬೆಲೆ ಚೀಟಿಯನ್ನು ಕೀಳದೆ ಹಾಗೇ ಬಿಟ್ಟಿದ್ದಳು. ಕಾರಣ ಕೇಳಿದರೆ, "ವಾಪಸ್ ಕೊಡಕ್ಕಾಗತ್ತಲ್ಲ" ಅಂದಳು. ನಾನು ಹೋಗುತ್ತೇನೆ ಎಂದು ಅವಳು ಆಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಹದಿನೆಂಟು ವರ್ಷದಿಂದ ಅವಳಿಗೆ ಅದೇ ಅಭ್ಯಾಸ, ಮಾಡಿಸಿದವನು ನಾನು.

ಒಂದು ಬೆಳಿಗ್ಗೆ ಶಶಿಕಲಾಳ ಫೋನು. "ಸಾರ್, ನಿಮ್ಮಜ್ಜಿ ಊರಿಗೆ ಹೋಗಿದ್ವಿ. ನಿಮ್ ಹೆರಿಗೆ ಕಂಡೋರು ಈಗ ಉಳಿದಿರೋರು ಒಬ್ರೇ. ಹೆರಿಗೆ ಮಾಡಿಸಿದ ಸೂಲಗಿತ್ತಿ. ಹಾಲಮ್ಮ ಅಂತ."

"ಸರಿ ಮತ್ತೆ, ಹೆಬ್ಬೆಟ್ಟು ಹಾಕ್ಸು!"

"ಹಾಕ್ಸಬಹುದು ಸಾರ್. ಆದ್ರೆ ಅವ್ರು ನಮ್ಮ ಆಫೀಸಿನ ಹೆಸ್ರು ಹೇಳಿದ್ ಕೂಡ್ಲೇ ಒಳಗೆ ಎದ್ದೋದ್ರು. ಮೂರು ವರ್ಷದ ಹಿಂದೆ ಪಿಂಚಣಿ ಅರ್ಜಿ ತಗಂಡು ಬಂದಿದ್ರಂತೆ. ಮೂರು ಸಲ. ನೆನಪೈತಾ ಸಾರ್? ಅರ್ಜಿ ಈಗ್ಲೂ ನಿಮ್ ಕೆಳಗಿನ ಡ್ರಾಯರ್‌ನಲ್ಲೇ ಐತೆ."

ನೆಂಟಸ್ತನ ಹೊರಗಿಟ್ಟು ಬಾ ಎಂದಿದ್ದೆನಲ್ಲ, ಅವಳು ಈ ಲೋಕದಲ್ಲಿ ನನ್ನನ್ನು ಮೊದಲು ಎತ್ತಿಕೊಂಡವಳು. ಆ ಕೈಯಲ್ಲಿದ್ದ ಅರ್ಜಿಯನ್ನೇ ನಾನು ಡ್ರಾಯರಿಗೆ ತಳ್ಳಿದ್ದು. ನಾಚಿಕೆ ಎಂದರೆ ಏನೆಂದು ಆ ಪರದೇಶದ ಅಡುಗೆಮನೆಯಲ್ಲಿ ನಿಂತು ನನಗೆ ಗೊತ್ತಾಯಿತು. ಹಾಲಮ್ಮ ಬಾರದಿದ್ದರೆ ನಾನು ಊರಿಗೆ ವಾಪಸ್. ಬರಲಿ ಎಂದು ಕೇಳುವ ಮುಖ ನನಗಿರಲಿಲ್ಲ. ಸುಮಿತ್ರಾಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ನಾಲ್ಕು ದಿನದ ಮೇಲೆ ಹಾಲಮ್ಮ ಮೊದಲ ಬಸ್ಸಿಗೇ ಸೊರಬಕ್ಕೆ ಬಂದಿದ್ದಳಂತೆ. ಯಾರೂ ಕರೆಯಲಿಲ್ಲ, ಅವಳಾಗಿಯೇ. "ಕೂಸು ಇಳಿಸಿಕೊಂಡೋಳು ಕೂಸು ಹುಟ್ಟಿಲ್ಲ ಅನ್ನಕ್ಕಾಗ್ತದಾ? ದೀಪಾವಳಿ ಕಳೆದು ಮೂರನೇ ದಿನ ಹುಟ್ಟಿದ್ದು. ಬರ್ಕಳಿ" ಎಂದು ಹೇಳಿಕೆ ಕೊಟ್ಟು, ಹೆಬ್ಬೆಟ್ಟು ಒತ್ತಿ ಹೋದಳಂತೆ. ಶಶಿಕಲಾ ಕೊನೆಗೆ ಒಂದು ಮಾತು ಸೇರಿಸಿದಳು. "ಅವ್ರನ್ನ ನಾಳೆ ಬನ್ನಿ ಅನ್ಲಿಲ್ಲ ಸಾರ್ ನಾನು."

ಎಂಬತ್ತಮೂರನೇ ದಿನ: ಹೆಬ್ಬೆಟ್ಟು

ಫ್ರೌ ಕೆಲ್ಲರ್ ಸೊರಬದ ಕಾಗದದ ಅನುವಾದವನ್ನು ಎರಡು ಸಲ ಓದಿದರು. ಮೂಲದ ಮೇಲೆ ನಮ್ಮವರು ಹೊಡೆದಿದ್ದ ಐದು ಸೀಲುಗಳನ್ನು ನೋಡಿ ಮೊದಲ ಸಲ ಗೌರವದಿಂದ ತಲೆಯಾಡಿಸಿದರು. ಸೀಲಿನ ವಿಷಯದಲ್ಲಿ ಎರಡು ದೇಶಗಳ ಮನಸ್ಸು ಒಂದೇ. ಹಾಲಮ್ಮನ ನೀಲಿ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು, ಇವರು ಯಾರು ಎಂದು ಕೇಳಿದರು. "ಇವರು ಇಲ್ಲದಿದ್ದರೆ ಈ ಮನುಷ್ಯ ಇಲ್ಲ" ಎಂದಳು ಸುಮಿತ್ರಾ.

ಆಮೇಲೆ ನನ್ನ ಬೆರಳಚ್ಚು. ಒಂದು ಗಾಜಿನ ತುಂಡಿನ ಮೇಲೆ ಬೆರಳಿಡಬೇಕು. ಇಪ್ಪತ್ತೆರಡು ವರ್ಷ ನಾನು ಊರವರ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿ ಹೊರಳಿಸಿದವನು. ಅವರ ಮುಖ ನೋಡದೆ ಬೆರಳು ನೋಡಿದವನು. ಒರೆಸಿಕೊಳ್ಳಲು ನಾವು ಬಟ್ಟೆ ಕೊಡುತ್ತಿರಲಿಲ್ಲ, ಗೋಡೆಗೆ ಒರೆಸಿ ಹೋಗುತ್ತಿದ್ದರು, ಅದಕ್ಕೂ ಬೈಯುತ್ತಿದ್ದೆವು. ನನ್ನ ಬೆರಳನ್ನು ಯಂತ್ರ ಎರಡು ಸಲ ತಿರಸ್ಕರಿಸಿತು. ಫ್ರೌ ಕೆಲ್ಲರ್ ಒಂದು ಒದ್ದೆ ಕಾಗದ ಕೊಟ್ಟು, ಅವಸರವಿಲ್ಲ ಎಂದರು. ಮೂರನೇ ಸಲಕ್ಕೆ ನಾನು ಆ ದೇಶದ ಲೆಕ್ಕಕ್ಕೆ ಸೇರಿದೆ. ಹೊರಡುವಾಗ ಚಕ್ಕುಲಿ ಕೊಡಲಿಲ್ಲ. ಆಕೆಯೇ, ಬಲಗೈ ನೆತ್ತಿಯ ಮೇಲೆ ತಂದು ಎಡಗಿವಿ ಮುಟ್ಟಿ ಬೀಳ್ಕೊಟ್ಟರು.

ಮನೆಗೆ ಬಂದ ಸುಮಿತ್ರಾ ಕತ್ತರಿ ತೆಗೆದುಕೊಂಡು ನನ್ನ ಕೋಟಿನ ಚೀಟಿ ಕತ್ತರಿಸಿದಳು. ಆಮೇಲೆ ಕಣ್ಣು ಒರೆಸಿಕೊಂಡಳು.

ಕಾರ್ಡು

ನಮ್ಮಿಬ್ಬರ ಹೆಸರಿನ ಟಪಾಲು ಪೆಟ್ಟಿಗೆಗೆ ಕಾಗದ ಬಂತು, ಹೋಗಿ ಕಾರ್ಡು ತಂದೆವು. ಅಂಗೈ ಅಗಲವೂ ಇಲ್ಲ. ಫೋಟೋದಲ್ಲಿ ನಾನು ಕಳ್ಳನ ಹಾಗೆ ಕಾಣುತ್ತೇನೆ. ಜನ್ಮದಿನ ಈಗಲೂ ಜೂನ್ ಒಂದೇ. ಅದನ್ನು ನೋಡುತ್ತಾ ಕೂತವನಿಗೆ ಒಂದು ವಿಷಯ ಹೊಳೆಯಿತು. ಈ ಕಾರ್ಡಿನ ಪ್ರಕಾರ ನನಗೆ ನಲವತ್ತೊಂಬತ್ತು. ಆಧಾರ್ ಪ್ರಕಾರ ಹಾಲಮ್ಮನಿಗೆ ಈಗ ಐವತ್ತಾರು. ಅಂದರೆ ಏಳು ವರ್ಷದ ಹುಡುಗಿ ನನ್ನ ಹೆರಿಗೆ ಮಾಡಿಸಿದಳೆಂದು ಸೊರಬದ ಕಚೇರಿಯೇ ಸೀಲು ಹೊಡೆದು ಜರ್ಮನಿಗೆ ಬರೆದುಕೊಟ್ಟಿದೆ! ಆ ಹೇಳಿಕೆ ನಿಜವಾದರೆ ಆಧಾರಿನ ವಯಸ್ಸು ಸುಳ್ಳು. ಇಪ್ಪತ್ತೆರಡು ವರ್ಷ ಕಡತ ತಿರುವಿದ ತಲೆ ಒಂದು ಸಲವಾದರೂ ನೇರ ಕೆಲಸಕ್ಕೆ ಬಂತು.

ಕಾರ್ಡಿನ ಎರಡೂ ಬದಿಯ ಪ್ರತಿ ತೆಗೆಸಿದೆ. ಹಾಲಮ್ಮನ ಹೇಳಿಕೆಯ ಪ್ರತಿ ಲಗತ್ತಿಸಿದೆ. 'ಸದರಿ ಪಿಂಚಣಿ ಅರ್ಜಿಯನ್ನು ಕೆಳಗಿನ ಡ್ರಾಯರಿನಲ್ಲಿ ಇಟ್ಟವನು ನಾನೇ, ತಪ್ಪು ನನ್ನದು' ಎಂದು ಕೈಯಾರೆ ಬರೆದು ಸಹಿ ಮಾಡಿ ಸೊರಬಕ್ಕೆ ಕಳಿಸಿದೆ. ಅಂಥ ವಾಕ್ಯ ಆ ಕಚೇರಿಯ ಯಾವ ಕಡತದಲ್ಲೂ ಇದ್ದಂತೆ ನನಗೆ ನೆನಪಿಲ್ಲ. ಶಶಿಕಲಾ ಅದನ್ನು ಹಿಡಿದುಕೊಂಡು ಸಾಹೇಬರ ಮುಂದೆ ಕೂತಳು. ವೈದ್ಯರಿಂದ ಹಾಲಮ್ಮನ ವಯಸ್ಸಿನ ಪತ್ರ ಮಾಡಿಸಿದರು, ಅರ್ಜಿ ಮಂಜೂರಾಯಿತು.

ಆ ದಿನ ಶಶಿಕಲಾ ತನ್ನ ಫೋನಿನಲ್ಲೇ ಹಾಲಮ್ಮನನ್ನು ಮಾತಾಡಿಸಿದಳು. ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ. "ಹಾಲಮ್ಮಾ, ನಾನು ಬಸವಣ್ಯಪ್ಪ" ಎಂದು ಶುರು ಮಾಡಿದೆ.

"ಗೊತ್ತಾತು ಬಿಡಪ್ಪ" ಎಂದಳು ಹಾಲಮ್ಮ. "ನಿನ್ನ ಹೆರಿಗೆ ಒಂದೇ ಹಗಲಾಗೆ ಮುಗಿಸಿದ್ದೆ ನಾನು. ನಂದು ಮಾಡಿಸಕ್ಕೆ ನಿಂಗೆ ಮೂರು ವರ್ಷ ಬೇಕಾತು ನೋಡು."